ಮನೆ ಮತ್ತು ಅಂಗಳದ ಧ್ವನಿವ್ಯವಸ್ಥೆಗೆ ಆಂಪ್ಲಿಫೈಯರ್: ಜಹೀರಾಬಾದ್, ನಾರಾಯಣಖೇಡ, ತಾಂಡೂರು

ಪಡಸಾಲೆ, ಅಡುಗೆಮನೆ, ದೇವರಮನೆ, ಮಾಳಿಗೆ, ಅಂಗಳ, ಹಿತ್ತಲು ಎಲ್ಲೆಲ್ಲೂ ಒಂದೇ ಮೂಲದಿಂದ ಹಾಡು, ಭಜನೆ, ವಾರ್ತೆ ಕೇಳಿಸುವಂತೆ ಹಲವು ಸ್ಪೀಕರ್‌ಗಳನ್ನು ಜೋಡಿಸುವ ಪದ್ಧತಿ ಈಗ ನಗರದ ಬಂಗಲೆಗಳಿಗಷ್ಟೇ ಸೀಮಿತವಲ್ಲ. ಇಂಥ ವ್ಯವಸ್ಥೆಯ ನಡುವೆ ಕೂತು, ಮೊಬೈಲ್ ಅಥವಾ ರೇಡಿಯೊದ ಸಣ್ಣ ಸಂಕೇತವನ್ನು ಸ್ಪೀಕರಿನ ಸುರುಳಿ ಅಲುಗಾಡಿಸುವಷ್ಟು ಬಲಪಡಿಸುವ ಉಪಕರಣವೇ ಆಂಪ್ಲಿಫೈಯರ್. ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ ‘ಎಷ್ಟು ವ್ಯಾಟ್?’ ಎಂಬುದು. ಆದರೆ ಸ್ಪೀಕರ್ ಎಷ್ಟು, ಕೇಳುವವರು ಎಷ್ಟು ದೂರದಲ್ಲಿದ್ದಾರೆ, ವೈರ್ ಎಷ್ಟು ಉದ್ದ, ಪಕ್ಕದ ಮನೆಯ ಗೋಡೆ ಎಲ್ಲಿದೆ ಎಂಬ ನಾಲ್ಕು ಸಂಗತಿ ಗೊತ್ತಾದ ಮೇಲೆ ಕೇಳಬೇಕಾದ ಪ್ರಶ್ನೆ ಅದು. ಅಷ್ಟು ಗೊತ್ತಾದಾಗ ಬೇಕಾಗುವ ವ್ಯಾಟ್ ಬಹುಪಾಲು ಮನೆಗಳಲ್ಲಿ ಕೊಂಡದ್ದಕ್ಕಿಂತ ತೀರ ಕಡಿಮೆಯೇ ಇರುತ್ತದೆ.

ಈ ಲೇಖನ ತೆಲಂಗಾಣದ ಪಶ್ಚಿಮ ಅಂಚಿನ ಮೂರು ಊರುಗಳ ಸುತ್ತ ವಿಷಯವನ್ನು ನೋಡುತ್ತದೆ. ಜಹೀರಾಬಾದ್ ಮತ್ತು ನಾರಾಯಣಖೇಡ ಇಂದು ಸಂಗಾರೆಡ್ಡಿ ಜಿಲ್ಲೆಯಲ್ಲಿವೆ, ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿದೆ. 1956ರ ನವೆಂಬರ್ 1ರವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಗೂ ತಾಂಡೂರು ತಾಲ್ಲೂಕು ಗುಲ್ಬರ್ಗ ಜಿಲ್ಲೆಗೂ ಸೇರಿದ್ದವು. ರಾಜ್ಯ ಪುನರ್‌ವಿಂಗಡಣೆಯಲ್ಲಿ ಗುಲ್ಬರ್ಗ ಜಿಲ್ಲೆಯ ಹೆಚ್ಚಿನ ಭಾಗವೂ ಬೀದರ್ ಜಿಲ್ಲೆಯ ಒಂದು ಭಾಗವೂ ಮೈಸೂರಿಗೆ ಬಂದರೂ ಈ ಪಟ್ಟಿ ಆಂಧ್ರಪ್ರದೇಶಕ್ಕೆ ಹೋಯಿತು. ಗಡಿ ಬದಲಾದರೂ ಬಳಕೆಯ ದಾರಿ ಬದಲಾಗಲಿಲ್ಲ. ಜಹೀರಾಬಾದಿನವರಿಗೆ ಬೀದರ್ ಇಂದಿಗೂ ಹೈದರಾಬಾದಿಗಿಂತ ಹತ್ತಿರ. ತಾಂಡೂರಿನಿಂದ ಸೇಡಂ, ಚಿಂಚೋಳಿಗೆ ನಂಟಸ್ತಿಕೆಯೂ ವ್ಯಾಪಾರವೂ ಉಂಟು. ಮದುವೆಯ ಮೈಕ್ ಸೆಟ್ಟಿನಲ್ಲಿ ಕನ್ನಡ, ತೆಲುಗು, ಉರ್ದು ಹಾಡುಗಳು ಒಂದರ ಹಿಂದೊಂದು ಬರುವುದು ಇಲ್ಲಿ ಯಾರಿಗೂ ವಿಶೇಷವಲ್ಲ.

ಹಿನ್ನೆಲೆ

ಸುರುಳಿಯೊಂದನ್ನು ಅಯಸ್ಕಾಂತದ ನಡುವೆ ಕುಣಿಸಿ ದೊಡ್ಡ ದನಿ ಹೊರಡಿಸುವ ಯಂತ್ರವನ್ನು ಪೀಟರ್ ಜೆನ್ಸೆನ್ ಮತ್ತು ಎಡ್ವಿನ್ ಪ್ರಿಡ್‌ಹ್ಯಾಮ್ 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಜನರೆದುರು ಪ್ರಯೋಗಿಸಿ ತೋರಿಸಿದರು. ಇಂದಿನ ಕೋನ್ ಸ್ಪೀಕರಿನ ರೂಪ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ ಅವರ 1925ರ ಕೆಲಸದಿಂದ ಬಂತು. ಭಾರತದಲ್ಲಿ ಧ್ವನಿವರ್ಧಕ ಜನರ ಕಿವಿಗೆ ಬಿದ್ದದ್ದು ರಾಜಕೀಯ ಸಭೆಗಳ ಮೂಲಕ. ಮೋಟವಾನೆ ಕುಟುಂಬದ ‘ಶಿಕಾಗೊ ರೇಡಿಯೊ’ ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಕಾಂಗ್ರೆಸ್ ಸಭೆಗಳಿಗೆ ಮೈಕು, ಹಾರ್ನ್ ಒದಗಿಸುತ್ತಿತ್ತು. 1940ರಲ್ಲಿ ಆರಂಭವಾದ ದೆಹಲಿಯ ಅಹುಜಾ ಕಂಪನಿಯ ಹೆಸರು ಮುಂದೆ ಹಳ್ಳಿಗಳಲ್ಲಿ ಆಂಪ್ಲಿಫೈಯರಿಗೇ ಪರ್ಯಾಯವೆಂಬಷ್ಟು ಹರಡಿತು.

ಹೀಗಾಗಿ ಈ ಭಾಗದ ಜನರಿಗೆ ಹಲವು ಸ್ಪೀಕರ್‌ಗಳ ವ್ಯವಸ್ಥೆ ಹೊಸತೇನಲ್ಲ. ಮಸೀದಿಯ ಮಿನಾರಿನ ಮೇಲೆ, ಮಠದ ಅಗಸೆಯ ಮೇಲೆ ಇರುವ ಭೋಂಗಾಗಳು (ಹಾರ್ನ್ ಸ್ಪೀಕರ್‌ಗಳು), ರೈಲು ನಿಲ್ದಾಣದ ಪ್ಲಾಟ್‌ಫಾರ್ಮಿನ ಸ್ಪೀಕರ್‌ಗಳು ಹೆಚ್ಚಾಗಿ ನಡೆಯುವುದು ನೂರು ವೋಲ್ಟಿನ ಲೈನ್ ಮೇಲೆ. ಶಿವರಾತ್ರಿಗೆ ಝರಾಸಂಗಮದ ಕೇತಕಿ ಸಂಗಮೇಶ್ವರನ ದರ್ಶನಕ್ಕೆ ಬೀದರ್ ಕಡೆಯಿಂದ ಬರುವ ಭಕ್ತರು ಕೇಳುವ ಪ್ರಕಟಣೆಯ ಹಿಂದೆಯೂ ಇದೇ ತಂತ್ರ. ಮನೆಗೆ ಸ್ಪೀಕರ್ ಹಾಕಿಸುವಾಗ ಮಾತ್ರ ಜನ ಅದನ್ನು ಮರೆತು ಟಿ.ವಿ. ಪಕ್ಕದ ಹೋಮ್ ಥಿಯೇಟರ್ ಡಬ್ಬಿಗೇ ಆರು ಸ್ಪೀಕರ್ ಕಟ್ಟಲು ಹೋಗುತ್ತಾರೆ. ಡಬ್ಬಿ ಒಂದು ಬೇಸಿಗೆ ಬಾಳುವುದಿಲ್ಲ.

ಜಹೀರಾಬಾದ್ ಬಳಿಯ ಮಾಚನೂರಿನ ಸಂಘಂ ರೇಡಿಯೊವನ್ನು ಇಲ್ಲಿ ನೆನೆಯಬೇಕು. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ದಲಿತ ಹೆಣ್ಣುಮಕ್ಕಳು ನಡೆಸುವ ಈ ಸಮುದಾಯ ಬಾನುಲಿ 2008ರ ಅಕ್ಟೋಬರ್ 15ರಂದು 90.4 ಮೆಗಾಹರ್ಟ್ಸ್‌ನಲ್ಲಿ ಶುರುವಾಯಿತು. ಸೊಸೈಟಿಯನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ.ವಿ. ಸತೀಶ್ ಮೈಸೂರಿನವರು, ದೂರದರ್ಶನದಲ್ಲಿ ನಿರ್ಮಾಪಕರಾಗಿದ್ದವರು. ಸಮುದಾಯ ಬಾನುಲಿಗೆ ಸರ್ಕಾರ ಸಾಮಾನ್ಯವಾಗಿ ಒಪ್ಪುವ ಪ್ರಸಾರ ಬಲ 100 ವ್ಯಾಟ್. ರೇಡಿಯೊ ಅಲೆಯೂ ಗಾಳಿಯಲೆಯೂ ಬೇರೆ ಬೇರೆ ಎಂಬುದು ನಿಜ. ಆದರೂ ಹಳ್ಳಿ ಹಳ್ಳಿಗೆ ಮಾತು ಮುಟ್ಟಿಸುವ ನಿಲಯಕ್ಕೆ ಸಾಲುವ ಅಂಕಿ ಒಂದು ಅಂಗಳಕ್ಕೆ ಸಾಲದು ಎಂದು ಗಿರಾಕಿ 1000 ವ್ಯಾಟ್ ಕೇಳುವಾಗ ಯಾರಿಗಾದರೂ ನಗು ಬರಬೇಕು.

ಓಮ್ ಲೆಕ್ಕ, ವೋಲ್ಟ್ ಲೆಕ್ಕ

ಮನೆಯ ಸಾಮಾನ್ಯ ಸ್ಪೀಕರಿನ ಪ್ರತಿರೋಧ 8 ಅಥವಾ 4 ಓಮ್. ಒಂದು ಜೋಡಿ ತಂತಿಗೆ ಎರಡು 8 ಓಮ್ ಸ್ಪೀಕರ್‌ಗಳನ್ನು ಸಮಾಂತರವಾಗಿ ಕಟ್ಟಿದರೆ ಆಂಪ್ಲಿಫೈಯರಿಗೆ ಕಾಣುವುದು 4 ಓಮ್. ನಾಲ್ಕು ಕಟ್ಟಿದರೆ 2 ಓಮ್. ಪ್ರತಿರೋಧ ಅರ್ಧವಾದಂತೆ ಅದೇ ವೋಲ್ಟಿಗೆ ಹರಿಯುವ ಕರೆಂಟು ಇಮ್ಮಡಿಯಾಗುತ್ತದೆ, ಒಳಗಿನ ಟ್ರಾನ್ಸಿಸ್ಟರ್ ಕಾಯುತ್ತದೆ. 4 ಓಮ್‌ವರೆಗೆ ಎಂದು ಬರೆದ ಆಂಪ್ಲಿಫೈಯರಿಗೆ 2 ಓಮ್ ಭಾರ ಕೊಟ್ಟರೆ ಮೊದಲು ದನಿ ಒಡೆಯುತ್ತದೆ, ಆಮೇಲೆ ರಕ್ಷಣಾ ಸರ್ಕ್ಯೂಟು ಕತ್ತರಿಸುತ್ತದೆ, ಅದಿಲ್ಲದಿದ್ದರೆ ಟ್ರಾನ್ಸಿಸ್ಟರ್ ಸುಡುತ್ತದೆ. ಮನೆಮಂದಿ ‘ಸ್ಪೀಕರ್ ಹೋಯ್ತು’ ಎನ್ನುವ ಸಂದರ್ಭಗಳಲ್ಲಿ ಎಷ್ಟೋ ಸಲ ಹೋಗಿರುವುದು ಆಂಪ್ಲಿಫೈಯರ್.

ಇದಕ್ಕೆ ಮೂರು ಪರಿಹಾರಗಳು ಬಳಕೆಯಲ್ಲಿವೆ. ಮೊದಲನೆಯದು ಸ್ಪೀಕರ್ ಸೆಲೆಕ್ಟರ್ ಪೆಟ್ಟಿಗೆ. ಒಂದು ಸ್ಟೀರಿಯೊ ಆಂಪ್ಲಿಫೈಯರನ್ನು ನಾಲ್ಕಾರು ಕೋಣೆಗೆ ಹಂಚುತ್ತ, ಒಳಗಿನ ರೆಸಿಸ್ಟರ್ ಅಥವಾ ಟ್ರಾನ್ಸ್‌ಫಾರ್ಮರಿನಿಂದ ಓಮ್ ತೀರ ಇಳಿಯದಂತೆ ಅದು ಕಾಯುತ್ತದೆ. ರೆಸಿಸ್ಟರ್ ಇದ್ದರೆ ಬಲದ ಒಂದು ಪಾಲು ಬಿಸಿಯಾಗಿ ಹೋಗುತ್ತದೆ. ಎರಡನೆಯದು ಎಂಟು ಅಥವಾ ಹನ್ನೆರಡು ಚಾನೆಲ್‌ಗಳ ಆಂಪ್ಲಿಫೈಯರ್. ಇದರಲ್ಲಿ ಪ್ರತಿ ಕೋಣೆಗೂ ತನ್ನದೇ ಜೋಡಿ ಚಾನೆಲ್, ಪ್ರತಿ ಕೋಣೆಯಲ್ಲೂ ಬೇರೆ ಹಾಡು, ಬೇರೆ ವಾಲ್ಯೂಮ್ ಸಾಧ್ಯ. ದುಡ್ಡಿದ್ದು ಸಂಗೀತದ ಆಸೆಯೂ ಇರುವವರಿಗೆ ಇದು ಸರಿ. ಆದರೆ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿರುವುದರಿಂದ ಕೆಟ್ಟಾಗ ಮನೆಯೆಲ್ಲ ಮೂಕ, ದುರಸ್ತಿಗೆ ಬಿಡಿಭಾಗ ಸಿಗುವುದು ಕಷ್ಟ.

ಮೂರನೆಯದು ಮಸೀದಿ, ಮಠಗಳ ನೂರು ವೋಲ್ಟ್ ಲೈನ್. ಅಂಗಳವಿರುವ ದೊಡ್ಡ ಮನೆಗೆ ಇದಕ್ಕಿಂತ ಸರಳ ದಾರಿ ಇನ್ನೊಂದಿಲ್ಲ. ಸಭೆಗೆ ಒಯ್ಯುವ ಯಾವುದೇ ಹಳೆಯ ಆಂಪ್ಲಿಫೈಯರಿನ ಬೆನ್ನು ತಿರುಗಿಸಿ ನೋಡಿದರೆ ಸ್ಕ್ರೂಗಳ ಒಂದು ಸಾಲು ಕಾಣುತ್ತದೆ: ಕಾಮನ್, 4 ಓಮ್, 8 ಓಮ್, 16 ಓಮ್, 70 ವೋಲ್ಟ್, 100 ವೋಲ್ಟ್. ಕಾಮನ್ ಮತ್ತು 100ರ ನಡುವೆ ಎಳೆದ ಒಂದೇ ಜೋಡಿ ತಂತಿ ಮನೆಯಿಡೀ ಸುತ್ತಿ ಬರುತ್ತದೆ. ಸ್ಪೀಕರ್ ಇರುವಲ್ಲೆಲ್ಲ ಅದರ ಬೆನ್ನಿಗೆ ಒಂದು ಪುಟ್ಟ ಲೈನ್ ಮ್ಯಾಚಿಂಗ್ ಟ್ರಾನ್ಸ್‌ಫಾರ್ಮರ್ ಕೂರುತ್ತದೆ. ಅದರ ತುದಿಗಳ ಮೇಲೆ 15, 10, 5 ಎಂದು ವ್ಯಾಟ್ ಬರೆದಿರುತ್ತದೆ. ಅಡುಗೆಮನೆಗೆ ಮೆತ್ತಗೆ ಸಾಕೆಂದರೆ 5ರ ತುದಿಗೆ, ಅಂಗಳಕ್ಕೆ ಜೋರಾಗಬೇಕೆಂದರೆ 15ರ ತುದಿಗೆ ತಂತಿ ಸಿಕ್ಕಿಸಿದರಾಯಿತು. ಮನೆಗೆ ಬಲ್ಬು ಹಾಕಿದಂತೆಯೇ ಇದು: ವ್ಯಾಟ್‌ಗಳನ್ನು ಕೂಡುತ್ತ ಹೋಗಬಹುದು, ಓಮ್‌ನ ಭಾಗಾಕಾರ ಬೇಡ.

ಒಂದು ಉದಾಹರಣೆ. ಪಡಸಾಲೆಗೆ 10 ವ್ಯಾಟ್, ಅಡುಗೆಮನೆ, ದೇವರಮನೆ, ಮೇಲಿನ ಕೋಣೆಗೆ ತಲಾ 5, ಹಿತ್ತಲಿಗೆ 10, ಅಂಗಳದ ಎರಡು ಸ್ಪೀಕರಿಗೆ ತಲಾ 15. ಒಟ್ಟು 65 ವ್ಯಾಟ್. ಆಂಪ್ಲಿಫೈಯರಿನ ಶಕ್ತಿಯಲ್ಲಿ ಐದನೇ ಒಂದು ಪಾಲು ಉಳಿಸಿಕೊಳ್ಳುವುದು ಕಸುಬುದಾರರ ರೂಢಿ. ಆ ಪ್ರಕಾರ 81 ವ್ಯಾಟ್ ಬೇಕು. ಪೇಟೆಯಲ್ಲಿ ಸುಲಭವಾಗಿ ಸಿಗುವ 100 ವ್ಯಾಟಿನದು ಇಡೀ ಮನೆಗೆ ಸಾಕು. ನಾಳೆ ದನದ ಕೊಟ್ಟಿಗೆಗೂ ಒಂದು 10 ವ್ಯಾಟ್ ಸ್ಪೀಕರ್ ಹಾಕಿದರೂ ಲೆಕ್ಕ ಕೆಡುವುದಿಲ್ಲ.

ಈ ಪದ್ಧತಿಯ ನಿಜವಾದ ಲಾಭ ವೈರಿನಲ್ಲಿದೆ. 1.5 ಚದರ ಮಿ.ಮೀ. ತಾಮ್ರದ ತಂತಿಯ ಪ್ರತಿರೋಧ ಕಿಲೊಮೀಟರಿಗೆ ಸುಮಾರು 12 ಓಮ್. ಮನೆಯಿಂದ ಬಾವಿಯ ಹತ್ತಿರದ ಮರಕ್ಕೆ 50 ಮೀಟರ್ ಎಂದಿಟ್ಟುಕೊಳ್ಳಿ. ಹೋಗಿ ಬರುವ ತಂತಿ 100 ಮೀಟರ್, ಪ್ರತಿರೋಧ 1.2 ಓಮ್. ತುದಿಯಲ್ಲಿ 4 ಓಮ್ ಸ್ಪೀಕರ್ ಇದ್ದರೆ ಆಂಪ್ಲಿಫೈಯರ್ ಕೊಟ್ಟದ್ದರಲ್ಲಿ ನೂರಕ್ಕೆ 23 ಪಾಲು ತಂತಿಯನ್ನು ಬೆಚ್ಚಗೆ ಮಾಡಲು ಖರ್ಚು. ಅದೇ ತಂತಿಯಲ್ಲಿ ನೂರು ವೋಲ್ಟಿನಲ್ಲಿ 60 ವ್ಯಾಟ್ ಕಳಿಸಿದರೆ ಹರಿಯುವುದು ಅರ್ಧ ಆಂಪಿಯರಿಗಿಂತ ಕೊಂಚ ಹೆಚ್ಚು, ನಷ್ಟ ನೂರಕ್ಕೆ ಒಂದು ಪಾಲೂ ಇಲ್ಲ. ವಿದ್ಯುತ್ ಇಲಾಖೆ ದೂರದ ಊರಿಗೆ ಹೆಚ್ಚು ವೋಲ್ಟಿನಲ್ಲಿ ಕರೆಂಟು ಒಯ್ಯುವುದೂ ಈ ಕಾರಣಕ್ಕೇ.

ಅಪಾಯಗಳೂ ಇವೆ. ಟ್ರಾನ್ಸ್‌ಫಾರ್ಮರ್ ಇಲ್ಲದ 8 ಓಮ್ ಸ್ಪೀಕರನ್ನು ನೇರವಾಗಿ ನೂರು ವೋಲ್ಟಿನ ತುದಿಗೆ ಕಟ್ಟಿದರೆ ಅದು ಬೇಡುವುದು 1250 ವ್ಯಾಟ್. ಸುರುಳಿ ಕರಗುತ್ತದೆ ಅಥವಾ ಆಂಪ್ಲಿಫೈಯರ್ ಸೋಲುತ್ತದೆ. ವಾಲ್ಯೂಮ್ ಜೋರಾಗಿದ್ದಾಗ ಬರಿಗೈಯಲ್ಲಿ ಲೈನ್ ಮುಟ್ಟಿದರೆ ಶಾಕ್ ಹೊಡೆಯುತ್ತದೆ. ಅಗ್ಗದ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳು ಸಣ್ಣದಾದ್ದರಿಂದ ತಗ್ಗಿನ ಸ್ವರಗಳು, ಅಂದರೆ ಡೋಲು, ತಬಲದ ಬಾಯಾ, ಮಂಕಾಗುತ್ತವೆ. ಪ್ರವಚನ, ವಚನಗಾಯನ, ವಾರ್ತೆ, ‘ಊಟಕ್ಕೆ ಬರ್ರಿ’ ಎಂಬ ಕೂಗಿಗೆ ಇದರಿಂದ ಏನೂ ಕೊರತೆಯಿಲ್ಲ. ಕೂತು ಸಂಗೀತ ಕೇಳುವ ಒಂದು ಕೋಣೆಗೆ ಮಾತ್ರ ಬೇರೆ ಸ್ಟೀರಿಯೊ ಆಂಪ್ಲಿಫೈಯರ್, 8 ಓಮ್ ಸ್ಪೀಕರ್ ಇಟ್ಟು, ಉಳಿದ ಮನೆಯನ್ನು ಲೈನಿಗೆ ಬಿಡುವುದು ಜಾಣತನ.

ಎಷ್ಟು ವ್ಯಾಟ್ ಬೇಕು

ಸ್ಪೀಕರಿನ ಸಂವೇದನೆಯನ್ನು 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಎಂದು ಹೇಳುತ್ತಾರೆ. ಮನೆಯ ಪೆಟ್ಟಿಗೆ ಸ್ಪೀಕರಿಗೆ ಅದು 88ರ ಆಸುಪಾಸು, ಭೋಂಗಾಕ್ಕೆ 105ಕ್ಕೂ ಮೇಲೆ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆ 6 ಡೆಸಿಬೆಲ್ ಇಳಿಯುತ್ತದೆ. ವ್ಯಾಟ್ ಇಮ್ಮಡಿಯಾದರೆ ಏರುವುದು ಬರೀ 3, ಹತ್ತರಷ್ಟಾದರೆ 10. ಕಿವಿಗೆ ‘ಎರಡರಷ್ಟು ಜೋರು’ ಎನಿಸಲು ಸುಮಾರು 10 ಡೆಸಿಬೆಲ್ ಬೇಕು. ಆದ್ದರಿಂದ 100 ವ್ಯಾಟ್ ತೆಗೆದು 200 ವ್ಯಾಟಿನ ಪೆಟ್ಟಿಗೆ ತಂದವನಿಗೆ ಆಗುವ ವ್ಯತ್ಯಾಸ ಗಮನವಿಟ್ಟು ಕೇಳಿದರೆ ಮಾತ್ರ ತಿಳಿಯುವಷ್ಟು.

ಈಗ ಕಾನೂನನ್ನು ಪಕ್ಕದಲ್ಲಿಟ್ಟು ಲೆಕ್ಕ ಹಾಕಬೇಕು. ಕೇಂದ್ರ ಸರ್ಕಾರದ ಶಬ್ದಮಾಲಿನ್ಯ (ನಿಯಂತ್ರಣ) ನಿಯಮಗಳು 2000ದಲ್ಲಿ ಬಂದವು. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಖಾಸಗಿ ಧ್ವನಿವ್ಯವಸ್ಥೆಯ ಸದ್ದು ಜಾಗದ ಗಡಿಯಲ್ಲಿ ಈ ಮಿತಿಗಿಂತ 5 ಡೆಸಿಬೆಲ್‌ಗಿಂತ ಹೆಚ್ಚು ಮೀರಬಾರದು. ಅಂದರೆ ಹಗಲು 60, ರಾತ್ರಿ 50. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನ ಧ್ವನಿವರ್ಧಕಕ್ಕೆ ನಿಷೇಧವೇ ಇದೆ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ರಾಜ್ಯ ಸರ್ಕಾರ ಸಡಿಲಿಕೆ ಕೊಡಬಹುದು. 2005ರ ಜುಲೈ 18ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ರಾತ್ರಿ ನಿರ್ಬಂಧವನ್ನು ಬಲಪಡಿಸಿತು.

ಅಂಗಳದ ಗೋಡೆಗೆ ಒಂದು 88 ಡೆಸಿಬೆಲ್ ಸ್ಪೀಕರ್ ಇದೆ, ಎದುರಿನ ಗಡಿ 16 ಮೀಟರ್ ದೂರ. ಅಲ್ಲಿ ಹಗಲಿನ 60 ಮೀರಬಾರದೆಂದರೆ 1 ಮೀಟರಿನಲ್ಲಿ 84 ಡೆಸಿಬೆಲ್ ದಾಟುವಂತಿಲ್ಲ. ಅದಕ್ಕೆ ಬೇಕಾದ ಸರಾಸರಿ ಬಲ 0.4 ವ್ಯಾಟ್! ಹಾಡಿನ ಏರುಪೇರಿಗೆ ಹತ್ತರಷ್ಟು ಎಡೆ ಬಿಟ್ಟರೂ 4 ವ್ಯಾಟ್. ಸಾವಿರ ವ್ಯಾಟಿನ ಪೆಟ್ಟಿಗೆ ತಂದವನು ಕಾನೂನು ಪಾಲಿಸಿದರೆ ಅದರ ಗುಂಡಿಯನ್ನು ಸೊನ್ನೆಯಿಂದ ಮೇಲೆತ್ತುವಂತೆಯೇ ಇಲ್ಲ.

ಒಂದೇ ಸ್ಪೀಕರನ್ನು ಜೋರು ಮಾಡುವ ಬದಲು ಹಲವನ್ನು ಮೆತ್ತಗೆ ನುಡಿಸುವುದು ಇದಕ್ಕೆ ಮದ್ದು. ಅಂಗಳದಲ್ಲಿ ಕೂತವರಿಗೆ 68 ಡೆಸಿಬೆಲ್ ಬೇಕು ಎನ್ನೋಣ, ಎಂದರೆ ಗಟ್ಟಿಯಾಗಿ ಮಾತಾಡಿದಷ್ಟು. ಸ್ಪೀಕರ್ 8 ಮೀಟರ್ ದೂರದ ಗೋಡೆಯಲ್ಲಿದ್ದರೆ ಅದು 1 ಮೀಟರಿನಲ್ಲಿ 86 ಕೊಡಬೇಕು. 16 ಮೀಟರಿನ ಗಡಿಗೆ 62 ಮುಟ್ಟಿ ಮಿತಿ ಮೀರುತ್ತದೆ. ಅದೇ ನಾಲ್ಕು ಸ್ಪೀಕರ್‌ಗಳನ್ನು ಕಟ್ಟೆ, ಕಂಬ, ಬೇವಿನ ಬುಡ ಎಂದು ಕೂತವರಿಂದ 2 ಮೀಟರಿನೊಳಗೆ ಇಟ್ಟರೆ ಪ್ರತಿಯೊಂದೂ 74 ಕೊಟ್ಟರೆ ಸಾಕು. 12 ಮೀಟರ್ ಆಚೆಯ ಗಡಿಯಲ್ಲಿ ಒಂದೊಂದರದು 52 ಚಿಲ್ಲರೆ, ನಾಲ್ಕೂ ಕೂಡಿ 58. ಕೇಳುವವರಿಗೆ ಅಷ್ಟೇ ಸದ್ದು, ಬೇಲಿಯಾಚೆಯವರಿಗೆ ಕಡಿಮೆ. ದುಡ್ಡನ್ನು ಆಂಪ್ಲಿಫೈಯರಿಗೆ ಸುರಿಯದೆ ಸ್ಪೀಕರಿನ ಸಂಖ್ಯೆಗೆ, ಒಳ್ಳೆಯ ವೈರಿಗೆ ಹಾಕಬೇಕೆನ್ನಲು ಇದಕ್ಕಿಂತ ಬಲವಾದ ಕಾರಣ ಬೇಡ. ಮದುವೆ, ಜಾವಳದಂಥ ದಿನಕ್ಕೆ ಟೆಂಟ್ ಹೌಸಿನವರ ಸೌಂಡ್ ಬಾಡಿಗೆಗೆ ತಂದು, ಅನುಮತಿ ಪತ್ರ ತೆಗೆದುಕೊಂಡರಾಯಿತು. ಒಂದು ದಿನದ ಗದ್ದಲಕ್ಕಾಗಿ ವರ್ಷವಿಡೀ ಮನೆಯಲ್ಲಿ ಆ ಗಾತ್ರದ ಪೆಟ್ಟಿಗೆ ಇಟ್ಟುಕೊಳ್ಳುವುದು ದಂಡ.

ಸ್ಪೀಕರ್‌ಗಳು ದೂರ ದೂರ ಇದ್ದರೆ ಇನ್ನೊಂದು ತೊಡಕು. ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಚಲಿಸುತ್ತದೆ. ಹತ್ತಿರದ ಸ್ಪೀಕರಿಗಿಂತ 17 ಮೀಟರ್ ಹೆಚ್ಚು ದೂರದ ಸ್ಪೀಕರಿನ ಮಾತು ಸೆಕೆಂಡಿನ ಇಪ್ಪತ್ತನೇ ಒಂದು ಪಾಲು ತಡವಾಗಿ ಮುಟ್ಟಿ ಪ್ರತಿಧ್ವನಿಯಂತೆ ಕೇಳಿಸತೊಡಗುತ್ತದೆ. ಜಾತ್ರೆಯ ಪ್ರಕಟಣೆಗಳು ಅರ್ಥವಾಗದಿರುವುದಕ್ಕೆ ಮೈಕ್ ಹಿಡಿದವನ ಅವಸರಕ್ಕಿಂತ ದೂರದೂರದ ಭೋಂಗಾಗಳು ಹೆಚ್ಚು ಹೊಣೆ.

ಹಾಸುಗಲ್ಲಿನ ಮನೆ

ತಾಂಡೂರು ಸುಣ್ಣಕಲ್ಲಿನ ಊರು. ಇಲ್ಲಿನ ನೀಲಿ, ಹಳದಿ ಹಾಸುಗಲ್ಲು ನೆರೆಯ ಶಹಾಬಾದ್ ಕಲ್ಲಿನ ಹಾಗೆಯೇ ದಕ್ಷಿಣ ಭಾರತದ ಎಷ್ಟೋ ಮನೆಗಳ ನೆಲವಾಗಿದೆ. ಬೇಸಿಗೆಗೆ ತಂಪು, ಸಾರಿಸಲು ಸುಲಭ, ಆದರೆ ಸದ್ದಿಗೆ ಕಠಿಣ. ನುಣುಪು ಕಲ್ಲು ತನ್ನ ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ ಒಂದೆರಡು ಪಾಲನ್ನಷ್ಟೇ ಹೀರಿ ಉಳಿದದ್ದನ್ನು ವಾಪಸ್ ಎಸೆಯುತ್ತದೆ. ಹಾರ್ವರ್ಡಿನ ವಾಲೇಸ್ ಸೇಬಿನ್ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕಂಡುಕೊಂಡ ಸೂತ್ರದಂತೆ, 5 ಮೀಟರ್ ಉದ್ದ, 4 ಅಗಲ, 3 ಎತ್ತರದ ಬರಿಯ ಕೋಣೆ ಎಲ್ಲ ಬದಿಯೂ ಇಂಥ ಗಟ್ಟಿ ಮೈಯದಾದರೆ ಸದ್ದು ಅಡಗಲು 5 ಸೆಕೆಂಡ್ ಬೇಕು. ಬಾಗಿಲು, ಕಿಟಕಿ, ಮಂಚ, ಹಾಸಿಗೆ, ನಾಲ್ಕು ಜನ ಸೇರಿ ಹೀರುವ ಮೈ 10 ಚದರ ಮೀಟರಿನಷ್ಟಾದರೆ ಅದು 1 ಸೆಕೆಂಡಿಗೆ ಇಳಿಯುತ್ತದೆ.

ಕಲ್ಲುಮನೆಯಲ್ಲಿ ಮಾತು ಕಲಸಿಕೊಂಡಾಗ ಮನೆಯವರು ಮಾಡುವ ಮೊದಲ ಕೆಲಸ ವಾಲ್ಯೂಮ್ ಏರಿಸುವುದು. ಆಗ ನೇರ ಸದ್ದಿನ ಜೊತೆ ಮರುಧ್ವನಿಯೂ ಅಷ್ಟೇ ಏರುತ್ತದೆ, ಮಾತು ಅಷ್ಟೇ ಅಸ್ಪಷ್ಟ. ಒಂದು ದಪ್ಪ ಜಮಖಾನೆ, ಗೋಡೆಗೆ ಒಂದು ಕೌದಿ, ಕಿಟಕಿಗೆ ಪರದೆ ಇವು 200 ವ್ಯಾಟ್ ಮಾಡಲಾಗದ್ದನ್ನು ಮಾಡುತ್ತವೆ. ಆರ್‌ಸಿಸಿ ಸ್ಲ್ಯಾಬಿನ ಮನೆಯಲ್ಲಿ ಫಾಲ್ಸ್ ಸೀಲಿಂಗ್ ಇಲ್ಲದೆ ಛಾವಣಿಯೊಳಗೆ ಸ್ಪೀಕರ್ ಕೂರಿಸಲಾಗದು. ಗೋಡೆಯ ಮೂಲೆಗೆ ಸಣ್ಣ ಪೆಟ್ಟಿಗೆ ಸ್ಪೀಕರನ್ನು ಕೆಳಮುಖವಾಗಿ ವಾಲಿಸಿ ಕಟ್ಟುವುದು ಸರಿಯಾದ ಕ್ರಮ.

ಅಸೆಂಬಲ್ ಪೆಟ್ಟಿಗೆ

ಈ ಊರುಗಳ ರೇಡಿಯೊ ದುರಸ್ತಿಯವರು ಕೈಯಿಂದ ಕಟ್ಟಿಕೊಡುವ ಆಂಪ್ಲಿಫೈಯರುಗಳದ್ದು ಒಂದು ಲೋಕ. ‘4440 ಬೋರ್ಡು’ ಎಂದು ಕೇಳಿದರೆ ಯಾವ ಅಂಗಡಿಯಲ್ಲಾದರೂ ಕೈಗೆ ಕೊಡುತ್ತಾರೆ. ಸಾನ್ಯೊ ಕಂಪನಿಯ ಎಲ್‌ಎ4440 ಎಂಬ ಐಸಿ ಕಾರ್ ಸ್ಟೀರಿಯೊಗಾಗಿ ಹುಟ್ಟಿದ್ದು, ಎರಡು ಚಾನೆಲ್ಲಿಗೆ ತಲಾ 6 ವ್ಯಾಟ್, ಬ್ರಿಡ್ಜ್ ಮಾಡಿದರೆ 19. ಪೆಟ್ಟಿಗೆಯ ಮೇಲೆ ಮಾತ್ರ 1000, 2000 ಎಂಬ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಬಲ) ಅಂಕಿ ಹೊಳೆಯುತ್ತಿರುತ್ತದೆ. ಆ ಅಂಕಿಗೆ ಒಪ್ಪಿತವಾದ ಯಾವ ಅಳತೆಯೂ ಇಲ್ಲ. ಕೇಳಬೇಕಾದದ್ದು ನಿರಂತರವಾಗಿ ಕೊಡಬಲ್ಲ ಬಲ, ಅಂದರೆ ಆರ್‌ಎಂಎಸ್ ವ್ಯಾಟ್, ಅದೂ ಎಷ್ಟು ಓಮ್ ಭಾರಕ್ಕೆ ಎಂಬುದು.

ಗಿರಾಕಿಯೇ ಮಾಡಬಹುದಾದ ಪರೀಕ್ಷೆ ಸುಲಭ. ಪೆಟ್ಟಿಗೆಯ ಮುಚ್ಚಳ ತೆಗೆಸಿ ಒಳಗಿನ ಟ್ರಾನ್ಸ್‌ಫಾರ್ಮರ್ ನೋಡಬೇಕು. 12-0-12, 5 ಆಂಪಿಯರ್ ಎಂದಿದ್ದರೆ 24ನ್ನು 5ರಿಂದ ಗುಣಿಸಿ 120. ಟ್ರಾನ್ಸ್‌ಫಾರ್ಮರ್ ನಿರಂತರವಾಗಿ ಕೊಡಬಲ್ಲದ್ದು ಅಷ್ಟೇ. ಅದರಲ್ಲೂ ಸಾಮಾನ್ಯ ಎಬಿ ವರ್ಗದ ಆಂಪ್ಲಿಫೈಯರ್ ಸುಮಾರು ಅರ್ಧವನ್ನು ಬಿಸಿಯಾಗಿ ಕಳೆಯುತ್ತದೆ. ಆ ಪೆಟ್ಟಿಗೆಯಿಂದ 60, 70 ವ್ಯಾಟಿಗಿಂತ ಹೆಚ್ಚು ಹೊರಡುವುದು ಸಾಧ್ಯವೇ ಇಲ್ಲ, ಮೇಲೆ ಏನೇ ಬರೆದಿರಲಿ. ಹಾಗೆಂದು ಈ ಪೆಟ್ಟಿಗೆಗಳನ್ನು ಹೀನಾಯವಾಗಿ ಕಾಣಬೇಕಿಲ್ಲ. ಪಡಸಾಲೆಗೆ 6 ವ್ಯಾಟ್ ಬೇಕಾದಷ್ಟಾಯಿತು, ಐಸಿ ಸುಟ್ಟರೆ ಅಂದೇ ಸಂಜೆ ಬದಲಿಸಿಕೊಡುತ್ತಾರೆ.

ಹೊಸ ಪೀಳಿಗೆಯ ಡಿ ವರ್ಗದ ಆಂಪ್ಲಿಫೈಯರ್ ಟ್ರಾನ್ಸಿಸ್ಟರನ್ನು ಸೆಕೆಂಡಿಗೆ ಲಕ್ಷಾಂತರ ಸಲ ಪೂರ್ತಿ ತೆರೆದು ಪೂರ್ತಿ ಮುಚ್ಚುತ್ತದೆ, ಅರ್ಧ ತೆರೆದಿಡುವುದಿಲ್ಲ. ಆದ್ದರಿಂದ ಬಿಸಿ ಕಡಿಮೆ, ದಕ್ಷತೆ ನೂರಕ್ಕೆ 90ರ ಹತ್ತಿರ. ಬ್ಲೂಟೂತ್ ಸೇರಿಸಿದ ಅಂಗೈಯಗಲದ ಇಂಥ ಪೆಟ್ಟಿಗೆಯನ್ನು ಕೋಣೆಗೊಂದರಂತೆ ಇಟ್ಟುಕೊಳ್ಳುವವರೂ ಇದ್ದಾರೆ. ಕೆಟ್ಟರೆ ದುರಸ್ತಿಯಿಲ್ಲ, ಹೊಸದೇ ತರಬೇಕು.

ಕರೆಂಟು, ಬಿಸಿಲು, ದೂಳು

ಹಳ್ಳಿಯಲ್ಲಿ ಪಂಪ್‌ಸೆಟ್‌ಗಳು ಓಡುವ ಹೊತ್ತಿಗೆ 230 ವೋಲ್ಟ್ 190ಕ್ಕೆ ಇಳಿದರೆ, ಹಳೆಯ ಮಾದರಿಯ ಟ್ರಾನ್ಸ್‌ಫಾರ್ಮರ್ ಇರುವ ಆಂಪ್ಲಿಫೈಯರಿನ ಗರಿಷ್ಠ ಬಲ ಮೂರನೇ ಒಂದು ಪಾಲಿನಷ್ಟು ಕುಸಿಯುತ್ತದೆ. 90ರಿಂದ 264 ವೋಲ್ಟ್‌ವರೆಗೆ ಒಪ್ಪುವ ಸ್ವಿಚಿಂಗ್ ಸಪ್ಲೈ ಇದ್ದರೆ ಈ ತಾಪತ್ರಯವಿಲ್ಲ. ಮೈಕ್ ಸೆಟ್ ಆಂಪ್ಲಿಫೈಯರುಗಳಿಗೆ 12 ವೋಲ್ಟ್ ಬ್ಯಾಟರಿಯ ತುದಿಯೂ ಇರುವುದು ದೊಡ್ಡ ಅನುಕೂಲ. ಆದರೆ 100 ವ್ಯಾಟ್ ಪೂರ್ತಿ ನುಡಿಸಿದರೆ ಅದು ಬ್ಯಾಟರಿಯಿಂದ 14 ಆಂಪಿಯರಿನಷ್ಟು ಎಳೆಯುತ್ತದೆ ಎಂಬುದು ನೆನಪಿರಲಿ.

ಜಹೀರಾಬಾದ್ ಸುತ್ತ ಬೀದರ್ ಪ್ರಸ್ಥಭೂಮಿಯ ಕೆಂಪು ಜಂಬಿಟ್ಟಿಗೆ, ತಾಂಡೂರು ಕಡೆ ತೊಗರಿ ಬೆಳೆಯುವ ಕಪ್ಪು ಎರೆ. ಎರಡೂ ವೈರಿಂಗಿಗೆ ಬೇರೆ ಬೇರೆ ಕಾಟ ಕೊಡುತ್ತವೆ. ಜಂಬಿಟ್ಟಿಗೆ ಒಣಗಿದರೆ ಅರ್ಥಿಂಗ್ ಹಿಡಿಯುವುದಿಲ್ಲ. ಗುಂಡಿಗೆ ಇದ್ದಿಲು, ಉಪ್ಪು ತುಂಬಿ ಬೇಸಿಗೆಯಲ್ಲಿ ನೀರು ಹಾಕುತ್ತಿರಬೇಕು. ಎರೆ ಮಣ್ಣು ಬೇಸಿಗೆಗೆ ಬಿರಿದು ಮಳೆಗೆ ಉಬ್ಬುವುದರಿಂದ ಬರಿದಾಗಿ ಹೂತ ಸ್ಪೀಕರ್ ವೈರನ್ನು ಜಗ್ಗಿ ಕತ್ತರಿಸುತ್ತದೆ. ಪೈಪಿನೊಳಗೆ, ತುಸು ಸಡಿಲ ಬಿಟ್ಟು ಎಳೆಯಬೇಕು. ಟಿ.ವಿ. ಡಿಶ್, ಕಂಪ್ಯೂಟರ್, ಆಂಪ್ಲಿಫೈಯರ್ ಮೂರೂ ಬೇರೆ ಬೇರೆ ದಾರಿಯಲ್ಲಿ ಭೂಮಿಗೆ ಸೇರಿದ್ದರೆ ಸದಾ ‘ಹೂಂ’ ಎಂಬ ಗುಂಯ್‌ಗುಡುವಿಕೆ ಬರುತ್ತದೆ. ಅದಕ್ಕೆ ಒಳ್ಳೆಯ ಆಂಪ್ಲಿಫೈಯರ್ ಮದ್ದಲ್ಲ, ಎಲ್ಲವನ್ನೂ ಒಂದೇ ಬೋರ್ಡಿನ ಅರ್ಥಿಗೆ ತರುವುದು ಅಥವಾ ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕುವುದು ಮದ್ದು.

ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುವ ಸೀಮೆಯಿದು. ಅಟ್ಟದ ಮೂಲೆಯಲ್ಲಿ, ಬಟ್ಟೆ ಹೊದಿಸಿದ ಆಂಪ್ಲಿಫೈಯರ್ ಬೇಯುತ್ತದೆ. ತಾಂಡೂರಿನ ಕಲ್ಲು ಪಾಲಿಶ್ ಘಟಕಗಳ, ಸಿಮೆಂಟ್ ಕಾರ್ಖಾನೆಗಳ ಆಸುಪಾಸಿನ ಮನೆಗಳಲ್ಲಿ ಫ್ಯಾನ್ ಇರುವ ಪೆಟ್ಟಿಗೆ ಸುಣ್ಣದ ದೂಳನ್ನು ಒಳಗೆಳೆದು ಮಳೆಗಾಲದ ತೇವಕ್ಕೆ ಗಾರೆಯಂತೆ ಗಟ್ಟಿ ಮಾಡಿಕೊಳ್ಳುತ್ತದೆ. ಅಲ್ಲಿ ಫ್ಯಾನ್ ಇಲ್ಲದ, ದೊಡ್ಡ ಅಲ್ಯೂಮಿನಿಯಂ ರೆಕ್ಕೆಗಳ ಮಾದರಿಯೇ ಲೇಸು. ಹೊರಗಿನ ಸ್ಪೀಕರಿಗೆ ದೂಳು, ನೀರು ತಡೆಯುತ್ತದೆಂದು ಹೇಳುವ ಐಪಿ65 ಅಥವಾ ಅದಕ್ಕಿಂತ ಮೇಲಿನ ಗುರುತಿರಬೇಕು. ಆಂಪ್ಲಿಫೈಯರನ್ನಂತೂ ಹೊರಗೆ ಇಡಬಾರದು.

ಕೊಳ್ಳುವ ಜಾಗ, ಜೋಡಿಸುವ ಮುನ್ನ

ದೊಡ್ಡ ಆಯ್ಕೆ ಸಿಗುವುದು ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯಲ್ಲಿ. ಬಿಡಿ ಐಸಿಯಿಂದ ಹಿಡಿದು ಭೋಂಗಾದ ಯೂನಿಟ್‌ವರೆಗೆ ಎಲ್ಲವೂ ಅಲ್ಲಿ ದೊರೆಯುತ್ತದೆ. ದುರಸ್ತಿಯ ದೃಷ್ಟಿಯಿಂದ ಮಾತ್ರ ಬೀದರ್, ಕಲಬುರಗಿಯಲ್ಲಿ ಬಿಡಿಭಾಗ ಸಿಗುವ ಮಾದರಿಯನ್ನೇ ಆರಿಸುವುದು ಒಳ್ಳೆಯದು. ನಾರಾಯಣಖೇಡದಿಂದ 20 ಕಿಲೊ ತೂಕದ ಪೆಟ್ಟಿಗೆಯನ್ನು ಬಸ್ಸಿನ ಸೀಟಿನಡಿ ಇಟ್ಟುಕೊಂಡು ಎರಡು ಸಲ ಹೈದರಾಬಾದಿಗೆ ಹೋಗಿ ಬಂದರೆ ಅಗ್ಗದ ಬೆಲೆಯ ಸಂತೋಷ ಉಳಿಯುವುದಿಲ್ಲ.

ಜೋಡಿಸುವ ಮುನ್ನ ಮಲ್ಟಿಮೀಟರಿನಿಂದ ಪ್ರತಿ ಲೈನನ್ನೂ ಅಳೆಯಬೇಕು. 8 ಓಮ್ ಸ್ಪೀಕರ್ ಮೀಟರಿನಲ್ಲಿ 6ರಿಂದ 7 ತೋರಿಸುವುದು ಸಹಜ, ಅದು ದೋಷವಲ್ಲ. 1 ಅಥವಾ ಸೊನ್ನೆ ತೋರಿಸಿದರೆ ಎಲ್ಲೋ ತಂತಿ ತಂತಿಗೆ ತಾಗಿದೆ, ಆಂಪ್ಲಿಫೈಯರ್ ಹಾಕುವ ಹಾಗಿಲ್ಲ. ನೂರು ವೋಲ್ಟ್ ಲೈನಿನಲ್ಲಿ ಈ ಪರೀಕ್ಷೆ ದಾರಿ ತಪ್ಪಿಸುತ್ತದೆ. ಟ್ರಾನ್ಸ್‌ಫಾರ್ಮರಿನ ಸುರುಳಿ ಮೀಟರಿನ ನೇರ ಕರೆಂಟಿಗೆ ಬರಿಯ ತಂತಿಯಂತೆ ಕಂಡು ತೀರ ಕಡಿಮೆ ಓಮ್ ತೋರಿಸುತ್ತದೆ, ಶಾರ್ಟ್ ಆಗಿದೆಯೇನೋ ಎಂಬ ಗುಮಾನಿ ಬರುತ್ತದೆ. 65 ವ್ಯಾಟ್ ಭಾರದ ಲೈನು ನಿಜವಾಗಿ ಆಂಪ್ಲಿಫೈಯರಿಗೆ ಒಡ್ಡುವುದು ಸುಮಾರು 154 ಓಮ್. ಅದನ್ನು ಅಳೆಯಲು 1000 ಹರ್ಟ್ಸ್ ಸಂಕೇತ ಬಿಟ್ಟು ನೋಡುವ ಇಂಪಿಡೆನ್ಸ್ ಮೀಟರ್ ಬೇಕು. ಅದಿಲ್ಲದವರು ಒಂದೊಂದೇ ಸ್ಪೀಕರನ್ನು ಲೈನಿಗೆ ಸೇರಿಸುತ್ತ, ಸಣ್ಣ ದನಿಯಲ್ಲಿ ನುಡಿಸಿ, ದನಿ ತಟ್ಟನೆ ಕುಗ್ಗಿದ ಕಡೆ ನಿಲ್ಲಿಸುತ್ತಾರೆ. ತಪ್ಪು ಜೋಡಣೆ ಆ ಕೊನೆಯ ಸ್ಪೀಕರಿನ ಟ್ರಾನ್ಸ್‌ಫಾರ್ಮರಿನಲ್ಲೇ ಇರುತ್ತದೆ.